ಅನುಭವಿ ಕೈಗೂ ಒಬ್ಬ ಉಸ್ತಾದ್ ಬೇಕು

ಚುನಾವಣೆ ಘೋಷಣೆಯಾಗುತ್ತಿದ್ದಂತೆ ನಮ್ಮ ಹಳ್ಳಿಗಾಡಿನ ಪೊಲೀಸ್ ಠಾಣೆಗಳ ಮುಂದೆ ಒಂದು ಸರತಿ ಶುರುವಾಗುತ್ತದೆ. ಪರವಾನಗಿ ಇರುವವರು ಬಂದೂಕು ಜಮಾ ಮಾಡಲು ಬರುತ್ತಾರೆ. ಜೋಡುನಳಿಗೆಯ ಬಂದೂಕು ಹಳೇ ಕೌದಿಯಲ್ಲಿ ಸುತ್ತಿಕೊಂಡು ಬೈಕಿನ ಮೇಲೆ ಬರುತ್ತದೆ. ರಿವಾಲ್ವರ್ ಕೈಚೀಲದೊಳಗೆ, ಮಫ್ಲರಿನ ಪದರದಲ್ಲಿ. ಠಾಣೆಯ ರೈಟರ್ ಲೈಸೆನ್ಸ್ ಪುಸ್ತಕ ನೋಡಿ, ಬಂದೂಕಿನ ನಂಬರ್ ಓದಿ, ತೋಟಾ ಎಣಿಸಿ ರಸೀದಿ ಕೊಡುತ್ತಾರೆ. ಈ ಸರತಿಯಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: “ಹ್ವಾದ ಇಲೆಕ್ಷನ್ನಿಗೂ ಇಪ್ಪತ್ತೈದ ಇದ್ದೂ, ಈಗೂ ಇಪ್ಪತ್ತೈದ ಅದಾವ್ರಿ. ಬೇಕಾರ ಎಣಿಸಿಕೋರಿ.”

ಹೇಳುವವರ ದನಿಯಲ್ಲಿ ಹೆಮ್ಮೆ ಇರುತ್ತದೆ. ಇರಲೇಬೇಕು. ಐದು ವರ್ಷ ಆಯುಧ ಮನೆಯಲ್ಲಿದ್ದೂ ಒಂದು ಗುಂಡೂ ಹಾರಿಲ್ಲವೆಂದರೆ ಅದು ಸಭ್ಯ ಮನೆತನದ ಲಕ್ಷಣ. ಆದರೆ ಗುಂಡು ಹೊಡೆಯುವುದನ್ನು ಕಲಿಸುವವರು ಅದೇ ಲೆಕ್ಕವನ್ನು ಬೇರೆ ರೀತಿ ಓದುತ್ತಾರೆ. ಐದು ವರ್ಷ ಈ ಕೈ ಒಂದು ಸಲವೂ ಟ್ರಿಗರ್ ಎಳೆದಿಲ್ಲ, ಆ ಇಪ್ಪತ್ತೈದು ತೋಟಾಗಳಿಗೆ ಐದು ಮಳೆಗಾಲ ಕಳೆದಿವೆ, ಆದರೂ ಮನೆಯವರೆಲ್ಲ ಯಜಮಾನರನ್ನು “ಬಂದೂಕಿನ ಬಗ್ಗೆ ಎಲ್ಲಾ ಗೊತ್ತಿದ್ದವರು” ಎಂದೇ ತಿಳಿದಿದ್ದಾರೆ.

ಖಾನಾಪುರ ತಾಲ್ಲೂಕಿನ ಪಾರಿಶ್ವಾಡದ ಕಡೆ ಈ ಮಾತಿಗೆ ಹೆಚ್ಚಿನ ತೂಕ. ಬಂದೂಕು ಇಲ್ಲಿನವರಿಗೆ ಹೊಸದಲ್ಲ. ಪಕ್ಕದ ಕಿತ್ತೂರಿನ ಕೋಟೆಯ ಮುಂದೆ 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದು ಅಮಟೂರ ಬಾಳಪ್ಪನ ಗುರಿ ಎಂದು ಇಲ್ಲಿನ ಮಕ್ಕಳು ನಡೆಯಲು ಕಲಿಯುವ ಹೊತ್ತಿಗೇ ಕೇಳಿರುತ್ತಾರೆ. ಅತ್ತ ಬೆಳಗಾವಿಯಲ್ಲಿ 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಸೈನ್ಯದ ಕಿರಿಯ ನಾಯಕರಿಗೆ, ಕಮಾಂಡೊಗಳಿಗೆ ತರಬೇತಿ ಕೊಡುವ ವಿಭಾಗವೂ ಅಲ್ಲೇ. ಮಚ್ಛೆಯಲ್ಲಿ ಕೆಎಸ್‌ಆರ್‌ಪಿ ಪಡೆ, ಖಾನಾಪುರದಲ್ಲಿ ಪೊಲೀಸ್ ತರಬೇತಿ ಶಾಲೆ, ಅದೇ ತಾಲ್ಲೂಕಿನ ತೋರಾಳಿಯಲ್ಲಿ ಸಿಆರ್‌ಪಿಎಫ್‌ನ ಕೋಬ್ರಾ ಕಮಾಂಡೊಗಳ ಕಾಡುಯುದ್ಧ ಶಾಲೆ. ಇಷ್ಟು ಚಿಕ್ಕ ವರ್ತುಲದೊಳಗೆ ಇಷ್ಟೊಂದು ಮಂದಿಗೆ ಗುಂಡು ಹೊಡೆಯುವುದನ್ನು ಕಲಿಸುವ ಜಾಗ ರಾಜ್ಯದಲ್ಲಿ ಮತ್ತೊಂದಿದ್ದಂತೆ ಕಾಣೆ. ಮಿಲ್ಟ್ರಿಗೆ ಹೋಗಿ ಬಂದವರಿಗೂ ಈ ಹಳ್ಳಿಗಳಲ್ಲಿ ಕೊರತೆಯಿಲ್ಲ. ಪಿಂಚಣಿ ಪಡೆದು ಬಂದವರು ಒಂದಿಷ್ಟು ದಿನ ಹೊಲ ನೋಡುತ್ತಾರೆ. ಆಮೇಲೆ ಬ್ಯಾಂಕಿನ ಬಾಗಿಲಿಗೋ, ಎಟಿಎಮ್ಮಿಗೆ ಹಣ ತುಂಬುವ ಗಾಡಿಗೋ, ಸಕ್ಕರೆ ಕಾರ್ಖಾನೆಯ ಗೇಟಿಗೋ ಕಾವಲಿಗೆ ಸೇರುತ್ತಾರೆ. ಅನುಕೂಲವಿದ್ದ ಕೆಲವರು ಸ್ವಂತ ರಕ್ಷಣೆಗೆಂದು .32 ಬೋರಿನ ಪಿಸ್ತೂಲೋ ರಿವಾಲ್ವರೋ ಕೊಳ್ಳುತ್ತಾರೆ.

ಇವರಿಗೆ ಮತ್ತೇನು ಕಲಿಸುವುದಿದೆ ಎಂಬ ಪ್ರಶ್ನೆ ಸಹಜ. ಇದೆ, ಬಹಳಷ್ಟಿದೆ ಎನ್ನುವುದೇ ಈ ಲೇಖನದ ವಾದ. ಹೊಸಬರಿಗಿಂತ ಇವರಿಗೇ ಅದರ ಲಾಭ ಹೆಚ್ಚು ಎಂದೂ ಸೇರಿಸುತ್ತೇನೆ.

ಇಪ್ಪತ್ತು ವರ್ಷ ಸೇವೆ ಮಾಡಿದ ಜವಾನನ ಕೈ ಪಳಗಿದ್ದು ರೈಫಲ್ ಮೇಲೆ. ಹಳಬರಾದರೆ 7.62ರ ಎಸ್‌ಎಲ್‌ಆರ್, ಆಮೇಲಿನವರಾದರೆ 5.56ರ ಇನ್ಸಾಸ್, ಜೊತೆಗೆ ಎಕೆ. ಪಿಸ್ತೂಲು ಹೆಚ್ಚಾಗಿ ಅಧಿಕಾರಿಗಳ ಸೊಂಟದ್ದು. ಎರಡರಿಂದಲೂ ಗುಂಡೇ ಹಾರುತ್ತದಾದರೂ ಹೊಡೆಯುವವನ ಮಟ್ಟಿಗೆ ಎರಡೂ ಬೇರೆ ಬೇರೆ ವಿದ್ಯೆ. ರೈಫಲ್ಲಿಗೆ ಭುಜದ ಆಸರೆ, ಕೆನ್ನೆಯ ಒತ್ತು, ಎರಡು ಕೈ, ಮಲಗಿ ಹೊಡೆದರೆ ನೆಲದ ಆಧಾರ. ಪಿಸ್ತೂಲಿಗೆ ಚಾಚಿದ ಕೈಯೊಂದೇ ಗತಿ. ಅದರ ತುದಿಯಲ್ಲಿ ಮುಕ್ಕಾಲು ಕೆಜಿ ಆಸುಪಾಸಿನ ಕಬ್ಬಿಣ. ಕುದುರೆ (ಹ್ಯಾಮರ್) ಏರಿಸದೆ ರಿವಾಲ್ವರಿನ ಟ್ರಿಗರನ್ನು ನೇರವಾಗಿ ಎಳೆಯಬೇಕಾದರೆ ಅದಕ್ಕೆ ಬೇಕಾಗುವ ಬಲ ರಿವಾಲ್ವರಿನ ತೂಕದ ಹಲವು ಪಟ್ಟು. ಅಷ್ಟು ಬಲವನ್ನು ಒಂದೇ ಬೆರಳಿನಿಂದ ಹಾಕಬೇಕು, ಉಳಿದ ನಾಲ್ಕು ಬೆರಳು ಕದಲಬಾರದು. ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲಿಗೆ ಟ್ರಿಗರಿನ ಕನಿಷ್ಠ ಭಾರ 500 ಗ್ರಾಂ ಎಂದು ನಿಗದಿಯಾಗಿದೆ. ಅಷ್ಟು ಹಗುರ ಟ್ರಿಗರ್ ಇಟ್ಟುಕೊಂಡೇ ದೇಶದ ಅತ್ಯುತ್ತಮ ಶೂಟರುಗಳು ದಿನಗಟ್ಟಲೆ ಬೆವರಿಳಿಸುತ್ತಾರೆ. ಇನ್ನು ನಮ್ಮ ಅಲ್ಮೇರಾದಲ್ಲಿರುವ ರಿವಾಲ್ವರಿನ ಮಾತೇನು?

ಸ್ವಲ್ಪ ಲೆಕ್ಕ ಹಾಕೋಣ. ಸಾಧಾರಣ ಪಿಸ್ತೂಲಿನಲ್ಲಿ ಹಿಂದಿನ ಗುರಿಗಚ್ಚಿಗೂ ಮುಂದಿನ ಗುರಿಗೂ ನಡುವಿನ ಅಂತರ ಸುಮಾರು 15 ಸೆಂಟಿಮೀಟರ್. ಅವೆರಡರ ಹೊಂದಿಕೆಯಲ್ಲಿ ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸವಾದರೂ 10 ಮೀಟರ್ ದೂರದಲ್ಲಿ ಗುಂಡು ಆರೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯುತ್ತದೆ, 25 ಮೀಟರಿನಲ್ಲಿ ಹದಿನಾರು ಸೆಂಟಿಮೀಟರಿಗೂ ಆಚೆ. ಗುರಿಗಳ ನಡುವೆ ಮುಕ್ಕಾಲು ಮೀಟರ್ ಅಂತರವಿರುವ ರೈಫಲ್ಲಿನಲ್ಲಿ ಅದೇ ಒಂದು ಮಿಲಿಮೀಟರ್ ತಪ್ಪು 25 ಮೀಟರಿನಲ್ಲಿ ಮೂರು ಸೆಂಟಿಮೀಟರ್ ಚಿಲ್ಲರೆಗೆ ಮುಗಿಯುತ್ತದೆ. ರೈಫಲ್ ಮನ್ನಿಸಿದ ತಪ್ಪನ್ನು ಪಿಸ್ತೂಲು ಐದು ಪಟ್ಟು ಮಾಡಿ ತೋರಿಸುತ್ತದೆ. ಸೇವೆಯಲ್ಲಿದ್ದಾಗ ಗ್ರೂಪಿಂಗಿನಲ್ಲಿ ಶಹಬ್ಬಾಸ್ ಎನ್ನಿಸಿಕೊಂಡವರು ಪಿಸ್ತೂಲು ಹಿಡಿದ ಮೊದಲ ದಿನ ಗುರಿಹಲಗೆಯ ಹೊರಗೆ ಹೊಡೆದು, ಆಯುಧದಲ್ಲೇ ದೋಷವಿದೆ ಎನ್ನುವುದು ಇದಕ್ಕೇ.

ಆಯುಧದ ದೋಷವೋ ಕೈಯ ದೋಷವೋ ಎಂದು ಬಿಡಿಸಿ ತೋರಿಸುವ ಒಂದು ಹಳೇ ಉಪಾಯವನ್ನು ರೇಂಜೊಂದರಲ್ಲಿ ಹತ್ತಿರದಿಂದ ನೋಡಿದೆ. ಅರವತ್ತರ ಆಸುಪಾಸಿನ ನಿವೃತ್ತ ಸುಬೇದಾರರು ಸ್ವಂತ ರಿವಾಲ್ವರ್ ತಂದಿದ್ದರು. ಕಲಿಸುವವಳು ರಾಷ್ಟ್ರಮಟ್ಟದಲ್ಲಿ ಪಿಸ್ತೂಲು ಹೊಡೆದು ಬಂದ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಸಾಹೇಬರ ಮುಖದಲ್ಲಿ ಅಸಮಾಧಾನ ಕಾಣುತ್ತಿತ್ತು. ಏಳು ಮೀಟರ್ ದೂರದ ಹಲಗೆಗೆ ಆರು ಗುಂಡು ಹೊಡೆದರು. ಐದು ಎಡಕ್ಕೆ, ಕೆಳಕ್ಕೆ ಬಿದ್ದವು.

“ಇದರ ಗುರಿಗಚ್ಚ ಸರಿ ಇಲ್ಲವ್ವಾ, ನಾ ಮೊದಲ ಹೇಳಿದ್ನಿ.”

“ಇರಬೋದ್ರಿ ಕಾಕಾರ. ಒಮ್ಮೆ ನಾ ತುಂಬಿ ಕೊಡ್ತೀನಿ, ನೀವು ಹೊಡೀರಿ.”

ಅವಳು ಸಾಹೇಬರಿಗೆ ಬೆನ್ನು ಮಾಡಿ ನಿಂತು ಚಕ್ರದ ಆರು ಮನೆಗಳಲ್ಲಿ ಮೂರಕ್ಕೆ ನಿಜವಾದ ತೋಟಾ, ಮೂರಕ್ಕೆ ಆಗಲೇ ಹಾರಿದ ಖಾಲಿ ಕೇಸು ತುಂಬಿದಳು. ಯಾವುದು ಎಲ್ಲಿದೆಯೆಂದು ಅವರಿಗೆ ಗೊತ್ತಿಲ್ಲ. ಮೊದಲನೆಯದು ಢಂ ಎಂದಿತು. ಎರಡನೆಯದಕ್ಕೆ ಬರೀ ಟಿಕ್ಕೆಂಬ ಸದ್ದು. ಆ ಟಿಕ್ಕಿನ ಜೊತೆಗೇ ನಳಿಗೆಯ ತುದಿ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ನಾಲ್ಕು ಬೆರಳು ಕೆಳಗಿಳಿಯಿತು. ಗುಂಡೇ ಇಲ್ಲದ ಮೇಲೆ ಒದೆತವೂ ಇಲ್ಲ, ತುದಿ ಇಳಿದದ್ದೇಕೆ? ಬರಲಿರುವ ಸದ್ದಿಗೂ ಒದೆತಕ್ಕೂ ಮೈ ಮೊದಲೇ ತಯಾರಾಗಿ ಕೈಯನ್ನು ಕೆಳಕ್ಕೆ ಒತ್ತಿತ್ತು. ಗುಂಡು ಹಾರಿದಾಗ ಇದು ಕಾಣುವುದೇ ಇಲ್ಲ, ಒದೆತದ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಹುಡುಗಿ ಮೊಬೈಲಿನಲ್ಲಿ ಅದನ್ನು ಚಿತ್ರಿಸಿ ನಿಧಾನಗತಿಯಲ್ಲಿ ತೋರಿಸಿದಳು. ಸುಬೇದಾರರು ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಇದು ನಂದ ಕೈ ಏನ?” ಎಂದರು.

ಆಮೇಲಿನ ಒಂದು ತಾಸು ಅವರು ಹೊಡೆದ ಗುಂಡುಗಳು ಲೆಕ್ಕಕ್ಕೆ ಬರುವಷ್ಟಿಲ್ಲ. ಹೆಚ್ಚಿನ ಹೊತ್ತು ಖಾಲಿ ರಿವಾಲ್ವರ್ ಹಿಡಿದು, ಮುಂದಿನ ಗುರಿಯ ಮೇಲೆ ಕಣ್ಣಿಟ್ಟು, ಟ್ರಿಗರನ್ನು ಬೆರಳಿನ ಮೊದಲ ಗಿಣ್ಣಿನ ಮೆತ್ತೆಯಿಂದ ನೇರ ಹಿಂದಕ್ಕೆ ಎಳೆಯುವುದಷ್ಟೇ ನಡೆಯಿತು. ಎಡಗೈಯ ಬೆರಳುಗಳನ್ನು ಬಲಗೈಯ ಮೇಲೆ ಹೇಗೆ ಸುತ್ತಬೇಕು, ಹೆಬ್ಬೆರಳು ಎಲ್ಲಿರಬೇಕು ಎಂದು ಅವಳು ಒಂದೊಂದಾಗಿ ಸರಿಸಿ ಕೂರಿಸಿದಳು. ಕಡೆಗೆ ಮತ್ತೆ ಆರು ಗುಂಡು. ನಾಲ್ಕು ನಡುವಿನ ಕಪ್ಪಿನೊಳಗೆ ಬಿದ್ದವು. ಗುರಿಗಚ್ಚು ಇದ್ದ ಹಾಗೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ.

ಇದನ್ನು ಸುಬೇದಾರರು ತಾವಾಗಿ ತಿದ್ದಿಕೊಳ್ಳಬಹುದಿತ್ತೆ? ಆಗುತ್ತಿರಲಿಲ್ಲ ಎನ್ನುವುದು ನನ್ನ ಅಂದಾಜು. ತಪ್ಪು ಅಭ್ಯಾಸವಾಗಿಬಿಟ್ಟ ಮೇಲೆ ಮಾಡುವವನಿಗೇ ಅದು ಕಾಣುವುದಿಲ್ಲ. ಮತ್ತೆ ಮತ್ತೆ ಹೊಡೆದಷ್ಟೂ ಅದು ಗಟ್ಟಿಯಾಗುತ್ತದೆ. ಪರಿಣತಿಯ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ 1993ರಲ್ಲಿ ಸಹೋದ್ಯೋಗಿಗಳೊಂದಿಗೆ ಬರೆದ ಹೆಸರಾಂತ ಪ್ರಬಂಧದ ತಿರುಳೂ ಇದೇ. ವರ್ಷಗಳ ಅನುಭವ ತಾನಾಗಿ ಯಾರನ್ನೂ ಪರಿಣತರನ್ನಾಗಿ ಮಾಡುವುದಿಲ್ಲ, ಕೊರತೆಯನ್ನು ಗುರುತಿಸಿ ಅದರ ಮೇಲೇ ಮಾಡುವ ಅಭ್ಯಾಸ ಬೇಕು, ಅದನ್ನು ಗುರುತಿಸಲು ಬಲ್ಲವರೊಬ್ಬರು ಬೇಕು. ನಮ್ಮ ಭಾಗದವರಿಗೆ ಇದಕ್ಕೆ ಆ ಪ್ರಬಂಧದಲ್ಲಿ ಬರುವ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಉದಾಹರಣೆ ಬೇಕಿಲ್ಲ. ಧಾರವಾಡದ ಗಾಯಕ ಮಲ್ಲಿಕಾರ್ಜುನ ಮನಸೂರರು ಮಿರಜದ ನೀಲಕಂಠಬುವಾ ಅವರಲ್ಲಿ ಪಾಠ ಮುಗಿಸಿ, ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿ ಹೆಸರು ಮಾಡಿದ ಮೇಲೆ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಮಂಜಿ ಖಾನ್ ತೀರಿಕೊಂಡಾಗ ಅವರ ತಮ್ಮ ಭುರ್ಜಿ ಖಾನರ ಬಳಿಗೆ ಹೋದರು. ಅವರ ಮೊದಲಿನ ಗಾಯನವೂ ಜನ ಒಪ್ಪಿದ್ದೇ. ಆದರೂ ನಾವಿಂದು ಮನಸೂರರ ಗಾಯನವೆಂದು ತಲೆದೂಗುವುದು ಆ ಎರಡನೆಯ ಸಲದ ಕಲಿಕೆಗೆ.

ಶೂಟಿಂಗ್ ಕ್ರೀಡೆಯಲ್ಲಿ ಇಂಥ ಕಥೆ ಇತ್ತೀಚೆಗಷ್ಟೇ ನಮ್ಮೆಲ್ಲರ ಕಣ್ಣೆದುರು ನಡೆಯಿತು. ಟೋಕಿಯೊ ಒಲಿಂಪಿಕ್ಸಿಗೆ ಹೋಗುವ ಹೊತ್ತಿಗೆ ಮನು ಭಾಕರ್ ಕಾಮನ್‌ವೆಲ್ತ್ ಚಿನ್ನ, ಯೂತ್ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಹುಡುಗಿ. ಕೋಚ್ ಜಸ್ಪಾಲ್ ರಾಣಾ ಅವರೊಂದಿಗೆ ಅದಕ್ಕೂ ಮೊದಲೇ ಮನಸ್ತಾಪವಾಗಿ ದೂರವಾಗಿದ್ದರು. ಟೋಕಿಯೊದಲ್ಲಿ ಪಂದ್ಯದ ನಡುವೆ ಪಿಸ್ತೂಲು ಕೆಟ್ಟು ಸಮಯ ಹೋಯಿತು, ಫೈನಲ್ ತಪ್ಪಿತು. 2023ರಲ್ಲಿ ಅವರು ರಾಣಾ ಬಳಿಗೇ ಮರಳಿದರು. 2024ರ ಜುಲೈನಲ್ಲಿ ಪ್ಯಾರಿಸಿನಲ್ಲಿ ಎರಡು ಕಂಚು ಬಂದವು, ಎರಡನೆಯದು ಸರಬ್ಜೋತ್ ಸಿಂಗ್ ಜೊತೆಗೆ. ಗುಂಡು ಹೊಡೆಯುವುದು ಹೇಗೆಂದು ಮನುಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ಅಂಥವರೂ ತಮ್ಮನ್ನು ನೋಡುವ ಇನ್ನೊಂದು ಜೊತೆ ಕಣ್ಣು ಹುಡುಕಿಕೊಂಡು ಹೋಗುತ್ತಾರೆ. ಕರ್ನಾಟಕಕ್ಕೂ ಪಿಸ್ತೂಲಿನಲ್ಲಿ ಹೆಸರಿದೆ: 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು ರಿಯೊ ಒಲಿಂಪಿಕ್ಸ್ ಆಡಿದ ಪ್ರಕಾಶ್ ನಂಜಪ್ಪ, 2023ರಲ್ಲಿ ಬಾಕು ವಿಶ್ವಕಪ್ಪಿನ ಮಿಶ್ರ ತಂಡ ಚಿನ್ನದಲ್ಲಿ ಪಾಲು ಪಡೆದ ದಿವ್ಯಾ ಟಿ.ಎಸ್. ಬೆಂಗಳೂರಿನಲ್ಲಿ ರೇಂಜುಗಳಿವೆ, ಕೋಚುಗಳಿದ್ದಾರೆ. ಅಲ್ಲಿಂದ ಐನೂರು ಕಿಲೋಮೀಟರ್ ದೂರದ ನಮ್ಮ ಹಳ್ಳಿಯ ಲೈಸೆನ್ಸುದಾರರಿಗೆ ಆ ಲೋಕದ ನೆರಳೂ ಬಿದ್ದಿಲ್ಲ.

ಕ್ರೀಡೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಸ್ವರಕ್ಷಣೆಯ ಆಯುಧದ ಮಾತು ಬೇರೆ. ನ್ಯೂಯಾರ್ಕ್ ಪೊಲೀಸರ ತರಬೇತಿಯನ್ನು ಪರಿಶೀಲಿಸಿ ರ‍್ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, 1998ರಿಂದ 2006ರವರೆಗೆ ಎದುರಾಳಿಯೂ ಗುಂಡು ಹಾರಿಸಿದ ಘಟನೆಗಳಲ್ಲಿ ಪೊಲೀಸರ ಗುಂಡು ಗುರಿ ಮುಟ್ಟಿದ್ದು ಶೇ. 18ರಷ್ಟು. ಎದುರಿನಿಂದ ಗುಂಡು ಬರದಿದ್ದಾಗಲೂ ಶೇ. 30. ಇವರು ಸಂಬಳ ತೆಗೆದುಕೊಂಡು, ಕಾಲಕಾಲಕ್ಕೆ ಪರೀಕ್ಷೆ ಕೊಟ್ಟು ಪಿಸ್ತೂಲು ಕಟ್ಟಿಕೊಂಡವರು. ಗುರಿಹಲಗೆಯ ಮುಂದೆ ಚೆನ್ನಾಗಿ ಹೊಡೆದವರೇ. ಎದೆ ಡವಗುಟ್ಟುವಾಗ, ಬೆರಳು ಮರಗಟ್ಟಿದಾಗ, ಕಣ್ಣಿಗೆ ಎದುರಾಳಿಯ ಕೈಯೊಂದೇ ಕಾಣುವಾಗ ಹತ್ತು ಗುಂಡಿನಲ್ಲಿ ಎಂಟು ಬೇರೆಲ್ಲೋ ಹೋದವು. ಆ ಬೇರೆಲ್ಲೋ ಎಂಬುದು ನಮ್ಮ ಪಾಲಿಗೆ ಸಂತೆಯ ದಿನದ ಬೀದಿಯೋ, ಬಸ್ ಸ್ಟ್ಯಾಂಡಿನ ಎದುರಿನ ಬ್ಯಾಂಕಿನ ಮೆಟ್ಟಿಲೋ ಆಗಿದ್ದರೆ?

ಹಾಗಾಗಿ ಅನುಭವಿಗಳಿಗೆ ಕಲಿಸುವ ಒಳ್ಳೆಯ ತರಬೇತುದಾರರು ಗುರಿಯ ಪಾಠಕ್ಕಿಂತ ತೀರ್ಮಾನದ ಪಾಠಕ್ಕೆ ಹೆಚ್ಚು ಹೊತ್ತು ಕೊಡುತ್ತಾರೆ. ಆಯುಧ ಹೊರಗೆ ತೆಗೆಯಲೇಬೇಕೆ? ತೆಗೆದ ಮೇಲೂ ಹೊಡೆಯಬೇಕೆ? ಹಿಂದೆ ಯಾರಿದ್ದಾರೆ? ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅದಕ್ಕೆ ಮಿತಿಯನ್ನೂ ಹಾಕುತ್ತವೆ. ಬಂದ ಅಪಾಯಕ್ಕೆ ತಕ್ಕಷ್ಟೇ ಬಲ, ಅಪಾಯ ಕಳೆದ ಮೇಲೆ ಇಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಇಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದು “ರಕ್ಷಣೆಗೆ ಹೊಡದೆ” ಎಂದರೆ ಕೋರ್ಟು ಸುಮ್ಮನೆ ಒಪ್ಪುವುದಿಲ್ಲ. ಸೈನ್ಯದಲ್ಲಿ ಎದುರಿಗಿರುವವನು ಶತ್ರು, ಹೊಡೆ ಎಂದು ಹೇಳಲು ಮೇಲೊಬ್ಬರಿದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ಅವೆರಡೂ ಇಲ್ಲ. ನಿವೃತ್ತ ಸೈನಿಕರಿಗೆ ಹೊಸದಾಗಿ ಕಲಿಯಬೇಕಾದ ದೊಡ್ಡ ಸಂಗತಿ ಇದೇ ಎಂದು ನನಗೆ ಕಾಣುತ್ತದೆ. ಅವರ ಕೈ ಗಟ್ಟಿಯಿದ್ದಷ್ಟೂ ಈ ಪಾಠ ಜರೂರು.

ಸುರಕ್ಷತೆಯ ವಿಷಯದಲ್ಲಿ ಅನುಭವಿಗಳು ಜಾರುವಷ್ಟು ಹೊಸಬರು ಜಾರುವುದಿಲ್ಲ. ಹೊಸಬನಿಗೆ ಹೆದರಿಕೆ ಇರುತ್ತದೆ, ಹೆದರಿಕೆ ಅವನನ್ನು ಕಾಯುತ್ತದೆ. ಮುಂಬೈಯ ಜುಹೂ ಮನೆಯಲ್ಲಿ 2024ರ ಅಕ್ಟೋಬರ್ 1ರ ಬೆಳಗಿನ ಜಾವ ನಟ ಗೋವಿಂದ ಅವರ ಪರವಾನಗಿಯಿದ್ದ ಸ್ವಂತ ರಿವಾಲ್ವರಿನಿಂದಲೇ ಗುಂಡು ಹಾರಿ ಅವರ ಕಾಲಿಗೆ ಹೊಕ್ಕ ಸುದ್ದಿ ಓದುಗರಿಗೆ ನೆನಪಿರಬಹುದು. ಹಳೇ ನಮೂನೆಯ ಹಲವು ರಿವಾಲ್ವರುಗಳಲ್ಲಿ ಕುದುರೆಯ ಮೂತಿ ತೋಟಾದ ಮೇಲೇ ಒರಗಿರುತ್ತದೆ. ಕೈತಪ್ಪಿ ಬಿದ್ದರೆ ಆ ಏಟಿಗೇ ಹಾರಬಹುದು. ಅದಕ್ಕಾಗಿ ಹಿಂದಿನವರು ಆರು ಮನೆಯ ಚಕ್ರಕ್ಕೆ ಐದೇ ತುಂಬಿ ಕುದುರೆಯ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು. ಹೊಸ ನಮೂನೆಗಳಲ್ಲಿ ಇದನ್ನು ತಡೆಯುವ ಅಡ್ಡಪಟ್ಟಿ ಇರುತ್ತದೆ. ತಮ್ಮ ರಿವಾಲ್ವರ್ ಯಾವ ಬಗೆಯದು ಎಂದು ಹೇಳಬಲ್ಲ ಲೈಸೆನ್ಸುದಾರರು ಎಷ್ಟು ಮಂದಿ?

ಇನ್ನೊಂದು, ಮಲೆನಾಡಿನ ಅಂಚಿನವರಿಗೆ ಸಂಬಂಧಪಟ್ಟದ್ದು. ಪಾರಿಶ್ವಾಡ ಇರುವುದು ತಾಲ್ಲೂಕಿನ ಮೂಡಣ ಮಗ್ಗುಲಲ್ಲಿ, ಇಲ್ಲಿ ಪಡುವಣದ ಕಣಕುಂಬಿ, ಜಾಂಬೋಟಿಯಷ್ಟು ಮಳೆಯಿಲ್ಲ. ಆದರೂ ಮಳೆಗಾಲದ ಥಂಡಿ ಗೋಡೆಗೆ ಹತ್ತುತ್ತದೆ, ಅಲ್ಮೇರಾದೊಳಗಿನ ತೋಟಾಕ್ಕೂ ಹತ್ತುತ್ತದೆ. ಹಳೇ ತೋಟಾ ಹೊಡೆದಾಗ ಏನೂ ಆಗದಿದ್ದರೆ ಅನುಭವಿ ಏನು ಮಾಡುತ್ತಾನೆ? ತಟ್ಟನೆ ಚಕ್ರ ತೆರೆದು ನೋಡುತ್ತಾನೆ. ಅದು ಅಪಾಯ. ಮದ್ದು ತಡವಾಗಿ ಹೊತ್ತುವುದುಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಢಂ ಎನ್ನುವ ಬದಲು ಫುಸ್ ಎಂದು ಮೆತ್ತಗೆ ಸದ್ದಾದರಂತೂ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳಿ ಕೈಗೇ ಬರುತ್ತದೆ. ಇವು ತರಬೇತಿಯ ಮೊದಲ ದಿನದ ಪಾಠಗಳು, ಮೂವತ್ತು ವರ್ಷದ ಹಿಂದೆ ಕೇಳಿ ಮರೆತಂಥವು.

ಆಮೇಲೆ ಚಾಳೀಸು. ನಲವತ್ತೈದು ದಾಟಿದ ಕಣ್ಣಿಗೆ ಹತ್ತಿರದ್ದು ಮಸುಕಾಗುತ್ತದೆ. ಪಿಸ್ತೂಲಿನಲ್ಲಿ ಸ್ಪಷ್ಟವಾಗಿ ಕಾಣಬೇಕಾದ್ದು ಮುಂದಿನ ಗುರಿ, ಅಂದರೆ ಚಾಚಿದ ಕೈಯ ತುದಿ. ದೂರದ ಹಲಗೆ ಸ್ವಲ್ಪ ಮಸುಕಾದರೂ ನಡೆಯುತ್ತದೆ. ಎರಡು ಪಾಲಿನ ಕನ್ನಡಕ ಹಾಕಿದವರು ಮುಂದಿನ ಗುರಿ ಕಾಣಲೆಂದು ಕೆಳಗಿನ ಪಾಲಿನಿಂದ ನೋಡಲು ಗಲ್ಲ ಎತ್ತುತ್ತಾರೆ, ಕತ್ತು ಹಿಂದಕ್ಕೆ ವಾಲುತ್ತದೆ, ನಿಲುವೇ ಕೆಡುತ್ತದೆ. ಪದಕಕ್ಕೆ ಹೊಡೆಯುವವರು ಇದಕ್ಕೆಂದೇ ಮುಂದಿನ ಗುರಿಯ ದೂರಕ್ಕೆ ಹೊಂದುವ ಮಸೂರ ಮಾಡಿಸಿಕೊಳ್ಳುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಹದ್ದಿನ ಕಣ್ಣಿದ್ದ ಸಿಪಾಯಿಗೆ ಐವತ್ತೈದರಲ್ಲಿ ಅದನ್ನು ಹೇಳುವವರಿಲ್ಲ. ಅವರೂ ಕಣ್ಣಿನ ವೈದ್ಯರಿಗೆ ಓದಲು ತೊಂದರೆ ಎನ್ನುತ್ತಾರೆಯೇ ಹೊರತು ಗುರಿ ಹಿಡಿಯಲು ತೊಂದರೆ ಎನ್ನುವುದಿಲ್ಲ.

ಕಾನೂನು ತರಬೇತಿಯನ್ನು ಮರೆತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರು ಸುರಕ್ಷತಾ ತರಬೇತಿ ಪಡೆದಿರಬೇಕು ಎನ್ನುತ್ತವೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಬಹಳ ಹಿಂದಿನಿಂದ ಇವೆ. ಸಶಸ್ತ್ರ ಮೀಸಲು ಪಡೆಯ ಉಸ್ತಾದರು ಬೆಳಗಿನ ಕವಾಯತಿನಿಂದ ಹಿಡಿದು ಬಂದೂಕು ಬಿಚ್ಚಿ ಜೋಡಿಸುವವರೆಗೆ ಕಲಿಸಿ ಪ್ರಮಾಣಪತ್ರ ಕೊಡುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಅದು ಹೊಸ್ತಿಲ ಪಾಠ. ಒಳಗೆ ಬಂದ ಮೇಲೆ ಮತ್ತೆ ಕರೆಯುವವರಿಲ್ಲ. 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು, ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಮದುವೆ ಮೆರವಣಿಗೆಯ ಸಂಭ್ರಮಕ್ಕೆಂದು ಜೀವಕ್ಕೆ ಅಪಾಯವಾಗುವಂತೆ ಗಾಳಿಯಲ್ಲಿ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದಿತು. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬಂದವರನ್ನು ರೇಂಜಿಗೆ ಕರೆದೊಯ್ದು ಹತ್ತು ಗುಂಡು ಹೊಡೆಸಿ ನೋಡುವ ಪದ್ಧತಿಯೊಂದು ನಮ್ಮಲ್ಲಿ ಬೇರೂರಿಲ್ಲ. ವಾಹನ ಓಡಿಸುವವರ ಕಣ್ಣನ್ನಾದರೂ ವಯಸ್ಸಾದ ಮೇಲೆ ಪರೀಕ್ಷಿಸುತ್ತೇವೆ.

ಅನುಭವಿಗೂ ತರಬೇತಿ ಬೇಕು ಎಂಬುದನ್ನು ಒಪ್ಪಿಕೊಂಡ ಒಂದು ಕಡತ ಮಾತ್ರ ಇದೆ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು ಹೊಸ ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ ಎನ್ನುತ್ತವೆ. ಮಾಜಿ ಸೈನಿಕರಿಗೂ ಮಾಜಿ ಪೊಲೀಸರಿಗೂ ರಿಯಾಯಿತಿಯಿದೆ: 40 ಗಂಟೆ ತರಗತಿ, 16 ಗಂಟೆ ಮೈದಾನ, ಕನಿಷ್ಠ ಏಳು ಕೆಲಸದ ದಿನ. ಪೂರ್ತಿ ಮಾಫಿ ಕೊಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಇಪ್ಪತ್ತು ವರ್ಷ ಗಡಿ ಕಾದವರೂ ಊರಿನ ಕಾವಲಿಗೆ ನಿಲ್ಲುವ ಮೊದಲು ಒಂದು ವಾರ ಕೂತು ಕೇಳಬೇಕು ಎಂದು ನಿಯಮ ಬರೆದವರಿಗೆ ಹೊಳೆದಿತ್ತು.

ತರಬೇತಿ ಎಂದು ಬೋರ್ಡು ಹಾಕಿದ್ದೆಲ್ಲ ತರಬೇತಿಯಲ್ಲ ಎಂಬುದನ್ನೂ ಹೇಳಬೇಕು. ಸಿನಿಮಾ ಹೀರೊ ಹಾಗೆ ಉರುಳಿ ಹೊಡೆಯುವುದನ್ನು ಕಲಿಸಿ ಫೋಟೊ ತೆಗೆದು ಕಳಿಸುವವರಿದ್ದಾರೆ. ಅನುಭವಿಗೆ ತಕ್ಕ ಉಸ್ತಾದರ ಗುರುತೆಂದರೆ ಮೊದಲ ಅರ್ಧ ತಾಸು ಅವರು ಮಾತಾಡದೆ ನೋಡುತ್ತಾರೆ. ಹೊಡೆಯುವವರ ಹತ್ತು ಅಭ್ಯಾಸಗಳಲ್ಲಿ ಎಂಟನ್ನು ಹಾಗೇ ಬಿಟ್ಟು ಎರಡನ್ನೇ ತಿದ್ದುತ್ತಾರೆ. ಒಂದೇ ದಿನಕ್ಕೆ ಎಲ್ಲ ಬದಲಿಸಲು ಹೊರಟವರಿಂದ ಇದ್ದದ್ದೂ ಕೆಡುತ್ತದೆ, ವಯಸ್ಸಾದವರ ಕೈಯಂತೂ ಕೇಳುವುದೇ ಇಲ್ಲ.

ಗುಂಡು ದುಬಾರಿ, ರೇಂಜು ದೂರ ಎಂಬ ತಕರಾರು ನಿಜ. ಪರವಾನಗಿಯಲ್ಲಿ ಬರೆದಷ್ಟೇ ತೋಟಾ ಕೊಳ್ಳಬೇಕು, ಹೊಡೆದ ಒಂದೊಂದಕ್ಕೂ ಲೆಕ್ಕ ಇಡಬೇಕು. ಅಭ್ಯಾಸಕ್ಕೆಂದು ಹೊಲದಲ್ಲಿ ಹೊಡೆಯುವಂತಿಲ್ಲ. ಕಾಡಿನಂಚಿನಲ್ಲಂತೂ ಒಂದು ಸದ್ದಿಗೆ ಅರಣ್ಯ ಇಲಾಖೆಯವರು ಬಾಗಿಲಿಗೆ ಬರುತ್ತಾರೆ, ಬರಬೇಕಾದ್ದೇ. ಆದರೆ ಪಿಸ್ತೂಲಿನ ಅಭ್ಯಾಸದ ದೊಡ್ಡ ಪಾಲು ಗುಂಡಿಲ್ಲದೆ ನಡೆಯುವಂಥದ್ದು. ಪದಕ ಗೆದ್ದವರ ದಿನಚರಿಯಲ್ಲೂ ಬಿಳಿ ಗೋಡೆಗೆ ಮುಖ ಮಾಡಿ ಖಾಲಿ ಪಿಸ್ತೂಲು ಎತ್ತಿ ಹಿಡಿಯುವುದಕ್ಕೆ ದೊಡ್ಡ ಜಾಗವಿದೆ. ಅದಕ್ಕೂ ಕ್ರಮವಿದೆ: ತೋಟಾ ಬೇರೆ ಕೋಣೆಯಲ್ಲಿ, ಚೇಂಬರ್ ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ನೋಡಿದ ಮೇಲೆ, ಗುಂಡು ತಡೆಯುವಂಥ ಗೋಡೆಯ ಕಡೆಗೆ, ಮಕ್ಕಳು ಇಲ್ಲದಾಗ. 4.5 ಮಿಲಿಮೀಟರ್ ಬೋರಿನ, 20 ಜೂಲಿಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ಶಸ್ತ್ರಾಸ್ತ್ರ ಪರವಾನಗಿಯೇ ಬೇಕಿಲ್ಲ. ಹತ್ತು ಮೀಟರಿನ ಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಹನ್ನೊಂದೂವರೆ ಮಿಲಿಮೀಟರ್. ಅದಕ್ಕೆ ಹೊಡೆದು ಕಲಿತ ಬೆರಳು .32 ರಿವಾಲ್ವರಿನ ಮೇಲೂ ಸಮಾಧಾನದಿಂದ ಇರುತ್ತದೆ.

ಇಷ್ಟು ಪೊಲೀಸ್, ಸೈನಿಕ ತರಬೇತಿ ಕೇಂದ್ರಗಳಿರುವ ಜಿಲ್ಲೆಯಲ್ಲಿ ವರ್ಷಕ್ಕೆರಡು ಭಾನುವಾರ ಲೈಸೆನ್ಸುದಾರ ಮಾಜಿ ಸೈನಿಕರಿಗೆ ರೇಂಜು ತೆರೆದರೆ ಇಲಾಖೆಗೆ ಹೊರೆಯಾಗಲಿಕ್ಕಿಲ್ಲ. ಉಸ್ತಾದರು ಇದ್ದಾರೆ, ಗುಂಡು ತಡೆಯುವ ಬಟ್ಟುಗಳು ಇವೆ, ಆಯುಧ ದುರಸ್ತಿಯ ಆರ್ಮರರ್ ಇದ್ದಾರೆ. ಹಳೇ ತೋಟಾಗಳನ್ನು ನೋಡಿ ಬೇರೆ ಮಾಡಿಕೊಡಲು ಅವರೊಬ್ಬರೇ ಸಾಕು. ಖರ್ಚು ಯಾರದು ಎಂಬ ಪ್ರಶ್ನೆಗೆ ಉತ್ತರವಿದೆ: ಸ್ವಂತ ಆಯುಧದವರು ಸ್ವಂತ ಖರ್ಚಿನಲ್ಲಿ ಬರಬಹುದು. ಕಾವಲಿಗೆ ನಿಂತವರ ಗುಂಡಿನ ಖರ್ಚನ್ನು ಅವರ ಆಯುಧವನ್ನು ತೋರಿಸಿ ಗುತ್ತಿಗೆ ಪಡೆದ ಏಜೆನ್ಸಿಯೇ ಕೊಡಬೇಕು. ನಿಮ್ಮ ಶಾಖೆಯ ಬಾಗಿಲಲ್ಲಿ ಜೋಡುನಳಿಗೆ ಹಿಡಿದು ನಿಂತ ಕಾಕಾ ಕಡೆಯ ಸಲ ಗುಂಡು ಹೊಡೆದದ್ದು ಯಾವ ವರ್ಷ ಎಂದು ಬ್ಯಾಂಕಿನ ಮ್ಯಾನೇಜರರನ್ನು ಒಮ್ಮೆ ಕೇಳಿ ನೋಡಿ. ಕಾಕಾನನ್ನು ಕೇಳಬೇಡಿ, ಅವರಿಗೆ ಬೇಸರವಾಗುತ್ತದೆ.